ಪಾಠದ ಸಾರವೂ ಕಾಲದ ರುಚಿಯೂ

ಓದಿದ ವಿಷಯವನ್ನು ವಿಸ್ತಾರವಾಗಿ ಬರೆಯುವುದಕ್ಕಿಂತಲೂ ಸಂಕ್ಷೇಪವಾಗಿ ಹೇಳುವುದು ಕಠಿನವಾದ ಕಾರ್ಯವೆಂಬುದು ಉಪಾಧ್ಯಾಯ ವೃತ್ತಿಯಲ್ಲಿರುವ ನಮ್ಮೆಲ್ಲರ ನಿತ್ಯದ ಅನುಭವ. ಎರಡು ಪುಟಗಳ ಉತ್ತರವನ್ನು ಒಂದಕ್ಷರವೂ ತಪ್ಪದಂತೆ ಬರೆದೊಪ್ಪಿಸುವ ವಿದ್ಯಾರ್ಥಿಯನ್ನು ಕರೆದು, “ಈ ಪಾಠದಲ್ಲಿ ಏನಿದೆ? ಮೂರು ವಾಕ್ಯಗಳಲ್ಲಿ ಹೇಳು” ಎಂದು ಕೇಳಿದರೆ ಅವನು ತಲೆ ತಗ್ಗಿಸುತ್ತಾನೆ. ಮತ್ತೂ ಒತ್ತಾಯಿಸಿದರೆ ಪಾಠದ ಮೊದಲ ಮೂರು ವಾಕ್ಯಗಳನ್ನೇ ಒಪ್ಪಿಸಿಬಿಡುತ್ತಾನೆ. ಮೊದಲು ಬಂದುದೇ ಮುಖ್ಯವಾದುದೆಂದು ಅವನ ಭಾವನೆ. ಅದೇ ವಿದ್ಯಾರ್ಥಿಯು ಮಧ್ಯಾಹ್ನದ ಬಿಡುವಿನಲ್ಲಿ, ಹಿಂದಿನ ದಿನ ನೋಡಿದ ಎರಡೂವರೆ ಗಂಟೆಯ ಸಿನಿಮಾದ ಕಥೆಯನ್ನು ಊಟದ ಬಟ್ಟಲು ತೊಳೆದು ಬರುವಷ್ಟರೊಳಗೆ ಗೆಳೆಯನಿಗೆ ಹೇಳಿ ಮುಗಿಸಿರುತ್ತಾನೆ. ಬೇಕಾದುದನ್ನು ಬಿಟ್ಟಿರುವುದಿಲ್ಲ, ಬೇಡವಾದುದನ್ನು ಸೇರಿಸಿರುವುದಿಲ್ಲ. ಸಾರವನ್ನು ಹಿಡಿಯುವ ಶಕ್ತಿ ಅವನಲ್ಲಿ ಇಲ್ಲವೆಂದು ಯಾರು ಹೇಳಬಲ್ಲರು? ಆ ಶಕ್ತಿಯನ್ನು ತರಗತಿಯೊಳಕ್ಕೆ ಕರೆಯುವ ಬಗೆ ಹೇಗೆ ಎಂಬುದನ್ನು ಕುರಿತು ವಿದ್ಯಾರ್ಥಿಗಳಿಗೂ ಅವರ ತಂದೆ ತಾಯಂದಿರಿಗೂ ನಾಲ್ಕು ಮಾತು ಹೇಳಬೇಕೆಂದು ನಮ್ಮ ಇಚ್ಛೆ.

ಮೊದಲು ಸಾರಸಂಗ್ರಹದಿಂದ ಆಗುವ ಪ್ರಯೋಜನವನ್ನು ನೋಡೋಣ. “ಇನ್ನೊಮ್ಮೆ ಓದು, ಮತ್ತೊಮ್ಮೆ ಓದು” ಎಂದು ಮಕ್ಕಳಿಗೆ ಹೇಳುವುದು ನಮ್ಮ ಮನೆಗಳ ರೂಢಿ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು ಈ ರೂಢಿಯನ್ನೇ ಪರೀಕ್ಷೆಗೆ ಒಡ್ಡಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿ ಓದಿದರು. ಇನ್ನೊಂದು ಗುಂಪಿನವರು ಒಂದು ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ಪುಸ್ತಕವನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷಗಳ ಅನಂತರ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು: ಅವರಿಗೆ ನೂರಕ್ಕೆ ಸುಮಾರು 83, ಬರೆದವರಿಗೆ ಸುಮಾರು 71. ಒಂದು ವಾರ ಕಳೆದ ಮೇಲೆ ಪರೀಕ್ಷಿಸಿದಾಗ ಓದಿದವರು 40ಕ್ಕೆ ಇಳಿದಿದ್ದರು. ನೆನಪಿನಿಂದ ಬರೆದವರು 61ರಲ್ಲಿ ನಿಂತಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಓದಿದುದು ಮರುದಿನಕ್ಕೆ ಸಾಲುವುದೂ ವಾರ್ಷಿಕ ಪರೀಕ್ಷೆಗೆ ಸಾಲದಿರುವುದೂ ಏಕೆಂಬುದನ್ನು ಇದರಿಂದ ಊಹಿಸಬಹುದು.

ಇಲ್ಲಿ ಇನ್ನೊಂದು ಸಂಗತಿಯನ್ನು ಮರೆಮಾಚುವುದು ಸರಿಯಲ್ಲ. 2013ರಲ್ಲಿ ಡನ್ಲೋಸ್ಕಿ ಮತ್ತು ಅವರ ಸಂಗಡಿಗರು ಅಭ್ಯಾಸದ ಹತ್ತು ವಿಧಾನಗಳನ್ನು ತೂಗಿ ನೋಡಿ, ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವುದನ್ನೂ ಅಭ್ಯಾಸವನ್ನು ದಿನಗಳ ಮೇಲೆ ಹಂಚಿಕೊಳ್ಳುವುದನ್ನೂ ಮೇಲಿನ ಸ್ಥಾನದಲ್ಲಿ ಇರಿಸಿದರು. ಗೆರೆ ಎಳೆಯುವುದು, ಮರಳಿ ಓದುವುದು, ಇವುಗಳ ಸಾಲಿನಲ್ಲಿಯೇ ಸಾರಾಂಶ ಬರೆಯುವುದನ್ನೂ ಕೆಳಗೆ ಇರಿಸಿದರು. ಸಾರಾಂಶ ನಿರುಪಯುಕ್ತವೆಂದು ಅವರು ಹೇಳಲಿಲ್ಲ. ಚೆನ್ನಾಗಿ ಸಾರಾಂಶ ಬರೆಯಲು ಬಲ್ಲವರಿಗೆ ಅದು ನೆರವಾಗುತ್ತದೆ. ಬಹುಮಂದಿ ಎಳೆಯರಿಗೆ ಅದು ಬಾರದು, ಕಲಿಸದೆ ಬಾರದು, ಕಲಿಸಲು ಕಾಲವೂ ಶ್ರಮವೂ ಬೇಕು ಎಂಬುದು ಅವರ ಕಾರಣ. ಅದಕ್ಕಿಂತ ಮೂವತ್ತು ವರ್ಷ ಮೊದಲೇ, 1983ರಲ್ಲಿ, ಆ್ಯನ್ ಬ್ರೌನ್ ಮತ್ತು ಜೀನ್ ಡೇ ಎಂಬ ಇಬ್ಬರು ವಿದುಷಿಯರು ಐದನೆಯ ತರಗತಿಯಿಂದ ಕಾಲೇಜಿನವರೆಗಿನ ವಿದ್ಯಾರ್ಥಿಗಳ ಸಾರಾಂಶಗಳನ್ನು ಪರಿಶೀಲಿಸಿದ್ದರು. ಚಿಕ್ಕ ಮಕ್ಕಳಿಗೆ ಅನಾವಶ್ಯಕವಾದುದನ್ನು ತೆಗೆದುಹಾಕಲು ಬರುತ್ತದೆ; ಉಳಿದುದನ್ನು ಇದ್ದ ಹಾಗೆಯೇ ನಕಲು ಮಾಡುತ್ತಾರೆ. ಹಲವು ಹೆಸರುಗಳಿಗೆ ಒಂದು ದೊಡ್ಡ ಹೆಸರನ್ನು ಕೊಡುವುದು ತಡವಾಗಿ ಬರುತ್ತದೆ. ಪುಸ್ತಕದಲ್ಲಿ ಎಲ್ಲಿಯೂ ಇಲ್ಲದ, ಆದರೆ ಇಡೀ ಭಾಗದ ಅರ್ಥವನ್ನು ಹೊರುವ ವಾಕ್ಯವೊಂದನ್ನು ತಾನೇ ರಚಿಸುವುದು ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಮೊದಲನೆಯ ಮೂರು ವಾಕ್ಯಗಳನ್ನು ಒಪ್ಪಿಸುವ ನಮ್ಮ ವಿದ್ಯಾರ್ಥಿಯು ಸೋಮಾರಿಯಲ್ಲ. ಅವನು ಇನ್ನೂ ಮೆಟ್ಟಿಲಿನ ಮೇಲೆ ಇದ್ದಾನೆ.

ಈಗ ಮಕ್ಕಳ ಮೆಚ್ಚಿನ ವಿಷಯಕ್ಕೆ ಬರೋಣ. 2020ರ ಜೂನಿನಲ್ಲಿ ಶಾಲೆಗಳು ಮುಚ್ಚಿದ್ದಾಗ ವಿಕ್ಟರ್ಸ್ ವಾಹಿನಿಯ ‘ಫಸ್ಟ್ ಬೆಲ್’ ತರಗತಿಗಳಿಗಾಗಿಯೂ ಉಪಾಧ್ಯಾಯರು ಕಳುಹಿಸುವ ಅಭ್ಯಾಸಗಳಿಗಾಗಿಯೂ ಅನೇಕ ಮನೆಗಳಲ್ಲಿ ಮೊಬೈಲ್ ಫೋನು ಮಗುವಿನ ಕೈಗೆ ಬಂದಿತು. ಅದೇ ವರ್ಷದ ಜುಲೈಯಲ್ಲಿ ಇನ್‌ಸ್ಟಾಗ್ರಾಮಿನ ರೀಲುಗಳು ನಮ್ಮ ದೇಶದಲ್ಲಿ ಕಾಲಿಟ್ಟವು. ಶಾಲೆಗಳು ಮರಳಿ ತೆರೆದುವು. ಫೋನು ಮಗುವಿನ ಕೈಯಿಂದ ಪೂರ್ತಿಯಾಗಿ ಮರಳಲಿಲ್ಲ. ತಂದೆ ತಾಯಂದಿರ ಸಭೆಯಲ್ಲಿ ನಾವು ಕೇಳುವ ದೂರುಗಳಲ್ಲಿ ಇದೇ ಮೊದಲನೆಯದು. ಆ ದೂರು ನ್ಯಾಯವಾದುದೇ. ಆದರೆ ಮಕ್ಕಳು ಅದರಲ್ಲಿ ನೋಡುವುದೇನೆಂದು ತುಸು ವಿಚಾರಿಸಿದರೆ, ಅವುಗಳಲ್ಲಿ ಹೆಚ್ಚಿನವು ದೊಡ್ಡದನ್ನು ಚಿಕ್ಕದರಲ್ಲಿ ತುಂಬುವ ಉಪಾಯಗಳೇ ಆಗಿವೆ. ಸಿನಿಮಾದ ಟ್ರೈಲರು, ವಾಟ್ಸಾಪಿನ ಸ್ಟೇಟಸ್ಸು, ಮೀಮ್ ಎಂಬ ನಗೆಚಿತ್ರ, ಹ್ಯಾಷ್‌ಟ್ಯಾಗ್ ಎಂಬ ಒಂಟಿ ಪದ, ಕ್ರಿಕೆಟಿನ ವೀಕ್ಷಕ ವಿವರಣೆ, ಇವೆಲ್ಲ ಒಂದು ಬಗೆಯ ಸಾರಸಂಗ್ರಹಗಳೇ. 2006ರಲ್ಲಿ ಆರಂಭವಾದ ಟ್ವಿಟರು 140 ಅಕ್ಷರಗಳನ್ನು ಮೀರಗೊಡುತ್ತಿರಲಿಲ್ಲ. 2017ರಲ್ಲಿ ಅದನ್ನು 280ಕ್ಕೆ ಏರಿಸಿದರು. ಇಷ್ಟು ಚಿಕ್ಕ ಚೌಕಟ್ಟಿನಲ್ಲಿ ಹೇಳಬೇಕಾದಾಗ ಯಾವುದನ್ನು ಬಿಡಬೇಕೆಂದು ಯೋಚಿಸಲೇಬೇಕಾಗುತ್ತದೆ.

ಇದು ಹೊಸ ವಿದ್ಯೆಯೆಂದು ಮಕ್ಕಳು ಬೀಗಬೇಕಾದುದಿಲ್ಲ. ಹಾಳು ವಿದ್ಯೆಯೆಂದು ಹಿರಿಯರು ಹಳಿಯಬೇಕಾದುದೂ ಇಲ್ಲ. ಕುಮಾರವ್ಯಾಸನ ಭಾರತವನ್ನು ತೆರೆದು ನೋಡಿರಿ. ಪ್ರತಿಯೊಂದು ಸಂಧಿಯ ತಲೆಯಲ್ಲಿ ‘ಸೂಚನೆ’ ಎಂಬ ಅರ್ಧ ಷಟ್ಪದಿ ಇದೆ. ಮುಂದೆ ಬರುವ ಹತ್ತಾರು ಪದ್ಯಗಳ ಕಥೆಯೆಲ್ಲ ಅದರ ಮೂರೇ ಸಾಲುಗಳಲ್ಲಿ ಅಡಗಿರುತ್ತದೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿಯೂ ಹಾಗೆಯೇ. ಇನ್ನು ಕುಂಬಳೆಯ ಪಾರ್ತಿಸುಬ್ಬನ ನಾಡಿನವರಾದ ನಮಗೆ ತಾಳಮದ್ದಳೆಯ ಮಾತನ್ನು ಹೇಳಿಕೊಡಬೇಕೆ? ಭಾಗವತರು ಪದ ಹೇಳಿ ನಿಲ್ಲಿಸಿದೊಡನೆ ಅರ್ಥಧಾರಿಯು ತನ್ನ ಪಾತ್ರದ ಪೀಠಿಕೆಯನ್ನು ಆರಂಭಿಸುತ್ತಾನೆ: ತಾನು ಯಾರು, ಹಿಂದೆ ಏನೇನಾಯಿತು, ಈಗ ಎಂತಹ ಇಕ್ಕಟ್ಟಿನಲ್ಲಿ ನಿಂತಿದ್ದೇನೆ. ಹಿಂದಿನ ಕಥೆಯನ್ನೆಲ್ಲ ಹಿಂಡಿ, ಈ ಸಂದರ್ಭಕ್ಕೆ ಬೇಕಾದಷ್ಟನ್ನೇ ಆರಿಸಿಕೊಳ್ಳುವ ಕೌಶಲ ಅದು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಕೇಳಿದ ಹಿರಿಯರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಒಂದೇ ರಾವಣನಿಗೆ ಬೇರೆ ಬೇರೆ ಪ್ರಸಂಗಗಳಲ್ಲಿ ಬೇರೆ ಬೇರೆ ಪೀಠಿಕೆ ಬರುವುದು, ಸಾರವೆಂಬುದು ಕೇಳುವ ಉದ್ದೇಶವನ್ನು ಅನುಸರಿಸಿ ಬದಲಾಗುತ್ತದೆ ಎಂಬುದಕ್ಕೆ ಒಳ್ಳೆಯ ನಿದರ್ಶನ.

ಹಳೆಯ ಕಾಲದ ಟೂರಿಂಗ್ ಟಾಕೀಸಿನ ದಿನಗಳಲ್ಲಿ ಚಿತ್ರಮಂದಿರದ ಬಾಗಿಲಲ್ಲಿ ಹಾಡಿನ ಪುಸ್ತಕಗಳನ್ನು ಮಾರುತ್ತಿದ್ದರು. ಅದರ ಮೊದಲ ಪುಟಗಳಲ್ಲಿ ‘ಕಥಾಸಾರ’ ಎಂಬುದೊಂದು ಇರುತ್ತಿತ್ತು. ನಾಯಕಿಯು ವಿಪತ್ತಿನಲ್ಲಿ ಸಿಕ್ಕಿಕೊಂಡಳೆನ್ನುವಷ್ಟಕ್ಕೆ ಕಥೆಯನ್ನು ನಿಲ್ಲಿಸಿ, ಮುಂದಿನದನ್ನು ಬೆಳ್ಳಿಯ ತೆರೆಯ ಮೇಲೆ ನೋಡತಕ್ಕದ್ದೆಂದು ಮುಗಿಸುತ್ತಿದ್ದರು. ಇಂದಿನ ಟ್ರೈಲರಿನ ಗುಣವೂ ಇದೇ. ಇಲ್ಲೊಂದು ಭೇದವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಟ್ರೈಲರು ಕೊನೆಯನ್ನು ಮುಚ್ಚಿಡುತ್ತದೆ. ಸೂಚನೆಯು ಕೊನೆಯನ್ನು ಹೇಳಿಬಿಡುತ್ತದೆ. ಕೊನೆಯನ್ನು ಮುಚ್ಚಿಟ್ಟ ಬರಹ ಎಷ್ಟೇ ರಂಜಕವಾಗಿದ್ದರೂ ಸಾರಾಂಶವಾಗಲಾರದು. ಆದುದರಿಂದ ಪಾಠದ ಮಧ್ಯದಲ್ಲಿ ನಿಲ್ಲಿಸಿ ಟ್ರೈಲರು ಬರೆಯಿಸುವುದನ್ನೂ, ಪಾಠ ಮುಗಿದ ಮೇಲೆ ಸೂಚನೆ ಬರೆಯಿಸುವುದನ್ನೂ ನಾವು ಬಳಕೆಗೆ ತಂದಿದ್ದೇವೆ. ಮೊದಲನೆಯದು ಮಗು ಯಾವ ಪ್ರಶ್ನೆಯನ್ನು ಕೇಳಿಕೊಂಡಿದೆಯೆಂಬುದನ್ನು ತೋರಿಸುತ್ತದೆ. ಎರಡನೆಯದು ಅದಕ್ಕೆ ಉತ್ತರ ಸಿಕ್ಕಿತೋ ಇಲ್ಲವೋ ಎಂಬುದನ್ನು.

ಒಂದು ಉದಾಹರಣೆಯನ್ನು ವಿಸ್ತಾರವಾಗಿ ಹೇಳುತ್ತೇವೆ. ದಂಡಿಯಾತ್ರೆಯ ಪಾಠ ಮುಗಿಯಿತು. “ನೀವು ಆ ಯಾತ್ರೆಯಲ್ಲಿದ್ದೀರಿ; ನಿಮ್ಮ ಕೈಯಲ್ಲಿ ಫೋನಿದೆಯೆಂದು ತಿಳಿದು, ಕೊನೆಯ ದಿನ ಒಂದು ಸ್ಟೇಟಸ್ಸು ಬರೆಯಿರಿ. ನಲವತ್ತು ಪದಗಳನ್ನು ಮೀರಕೂಡದು” ಎಂದು ಹೇಳಿದೆವು. ಪುಸ್ತಕ ಮುಚ್ಚಿಸಿ, ಹಳೆಯ ಪ್ರಶ್ನಪತ್ರಿಕೆಗಳ ಬೆನ್ನಿನ ಮೇಲೆ ಪೆನ್ಸಿಲಿನಿಂದ ಬರೆಯಿಸಿದೆವು. ಮೊದಲು ಬಂದುವುಗಳಲ್ಲಿ ಒಂದು ಹೀಗಿತ್ತು: “ಗಾಂಧೀಜಿ 385 ಕಿಲೋಮೀಟರ್ ನಡೆದರು. ಸೂಪರ್!” ಉತ್ಸಾಹವಿದೆ, ಸಂಗತಿಯಿಲ್ಲ. ಇನ್ನೊಂದು: “1930ರ ಮಾರ್ಚ್ 12ರಂದು ಸಾಬರಮತಿಯಿಂದ 78 ಮಂದಿಯೊಡನೆ ಹೊರಟು ಏಪ್ರಿಲ್ 5ರಂದು ದಂಡಿಯನ್ನು ತಲುಪಿ 6ರಂದು ಉಪ್ಪನ್ನು ಎತ್ತಿದರು.” ತಾರೀಖುಗಳೆಲ್ಲ ಸರಿಯಾಗಿವೆ, ಹಳೆಯ ಕ್ರಮದಲ್ಲಿ ಇದಕ್ಕೆ ಪೂರ್ಣಾಂಕ ದೊರೆಯುತ್ತಿತ್ತು. ಆಗ ನಾವು ಕರಿಹಲಗೆಯ ಮೇಲೆ ಒಂದೇ ಪ್ರಶ್ನೆ ಬರೆದೆವು: “ಉಪ್ಪೇ ಏಕೆ?” ಮರುದಿನ ಬಂದ ಬರಹಗಳಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳದು ಹೀಗಿತ್ತು: “ಕಡಲು ನಮ್ಮದು, ಉಪ್ಪು ನಮ್ಮದು, ತೆರಿಗೆ ಅವರಿಗೆ. ಗಂಜಿ ಉಣ್ಣುವವನಿಗೂ ಉಪ್ಪು ಬೇಕು. ಅದಕ್ಕೇ ಬಾಪು ಉಪ್ಪನ್ನು ಹಿಡಿದರು. 24 ದಿನ ನಡೆದು ಕಾನೂನು ಮುರಿದೆವು. ಇನ್ನು ಊರೂರಿನಲ್ಲಿಯೂ ಮುರಿಯುತ್ತಾರೆ.” ಇದರಲ್ಲಿರುವ ಮೊದಲ ವಾಕ್ಯ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಬ್ರೌನ್ ಮತ್ತು ಡೇ ಅವರು ಹೇಳಿದ ಕೊನೆಯ ಮೆಟ್ಟಿಲು ಇದೇ. ಆ ದಿನದ ಉಳಿದ ಸಮಯವನ್ನು ‘ಊರೂರಿನಲ್ಲಿಯೂ’ ಎಂಬ ಪದಕ್ಕೆ ಮೀಸಲಿಟ್ಟೆವು. ಅದೇ ಏಪ್ರಿಲಿನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದುದನ್ನೂ, ನಮ್ಮ ದಕ್ಷಿಣದ ನೆರೆಯ ಪಯ್ಯನ್ನೂರಿನಲ್ಲಿ ಕೆ. ಕೇಳಪ್ಪನವರ ಮುಂದಾಳುತನದಲ್ಲಿ ನಡೆದುದನ್ನೂ, ದಂಡಿಯ ದಾರಿಯಲ್ಲಿ ಗಾಂಧೀಜಿಯ ಜೊತೆ ನಡೆದ ಕನ್ನಡಿಗ ಮೈಲಾರ ಮಹಾದೇವಪ್ಪನವರನ್ನೂ ಆಗ ಹೇಳಿದುದರಿಂದ ಅದು ಮಕ್ಕಳ ಮನಸ್ಸಿನಲ್ಲಿ ನಿಂತಿತು.

ವಾಟ್ಸಾಪಿನ ಸ್ಟೇಟಸ್ಸು 24 ಗಂಟೆಗಳಲ್ಲಿ ಅಳಿಸಿಹೋಗುತ್ತದೆಯಷ್ಟೆ. ಈ ಗುಣವನ್ನೂ ನಾವು ಉಪಯೋಗಿಸಿಕೊಳ್ಳುತ್ತೇವೆ. ಬರೆದ ಹಾಳೆಗಳನ್ನು ಕೂಡಿಸಿ ಕಪಾಟಿನಲ್ಲಿಟ್ಟು, ವಾರದ ಅನಂತರ “ನಿಮ್ಮ ಸ್ಟೇಟಸ್ಸು ಅಳಿಸಿಹೋಗಿದೆ, ಮತ್ತೆ ಬರೆಯಿರಿ” ಎನ್ನುತ್ತೇವೆ. ಮೇಲೆ ಹೇಳಿದ 2006ರ ಪ್ರಯೋಗದ ತಿರುಳು ಹೀಗೆ ಆಟದ ವೇಷದಲ್ಲಿ ತರಗತಿಗೆ ಬರುತ್ತದೆ.

ವಿಜ್ಞಾನದ ಪಾಠಗಳಲ್ಲಿ, ಒಂದರ ಮೇಲೊಂದು ನಡೆಯುವ ಕ್ರಿಯೆಗಳಿಗೆ ಕ್ರಿಕೆಟಿನ ವೀಕ್ಷಕ ವಿವರಣೆ ಹೊಂದಿಕೊಳ್ಳುತ್ತದೆ. ಜೀರ್ಣಕ್ರಿಯೆಯನ್ನು ಕುರಿತು ಎಂಟನೆಯ ತರಗತಿಯ ಹುಡುಗರು ಹೇಳಿದ ವಿವರಣೆಯಲ್ಲಿ ಲಾಲಾರಸವು ಪಿಷ್ಟದ ಮೇಲೆ ಮೊದಲ ಓವರು ಎಸೆಯಿತು. ಜಠರದಲ್ಲಿ ಆಮ್ಲದ ದಾಳಿಗೆ ಪ್ರೋಟೀನಿನ ವಿಕೆಟ್ಟುಗಳು ಉರುಳಿದುವು. ತರಗತಿ ನಕ್ಕು ನಲಿಯಿತು. ಆದರೆ ಇಪ್ಪತ್ತು ಓವರುಗಳಲ್ಲಿ ಹದಿನೈದು ಜಠರದಲ್ಲಿಯೇ ಮುಗಿದು, ಸಣ್ಣ ಕರುಳಿಗೆ ಒಂದೇ ಓವರು ಉಳಿದಿತ್ತು! ಸುಮಾರು 6 ಮೀಟರು ಉದ್ದದ ಸಣ್ಣ ಕರುಳಿನಲ್ಲಿಯೇ ಪಚನದ ಹೆಚ್ಚಿನ ಭಾಗವೂ ಪೋಷಕಾಂಶಗಳ ಹೀರುವಿಕೆಯೂ ನಡೆಯುತ್ತವೆ. ಹೊಟ್ಟೆಯೆಂದರೆ ಜಠರ, ಜೀರ್ಣವಾಗುವುದು ಅಲ್ಲಿಯೇ ಎಂಬ ಅವರ ಒಳಗಿನ ತಿಳಿವಳಿಕೆ ಓವರುಗಳ ಲೆಕ್ಕದಲ್ಲಿ ಹೊರಬಿದ್ದಿತು. ಪ್ರಶ್ನೋತ್ತರದಲ್ಲಿ ಇದು ನಮಗೆ ಗೊತ್ತಾಗುತ್ತಿರಲಿಲ್ಲ. ಏಕೆಂದರೆ ಅಲ್ಲಿ ಅವರು ಪುಸ್ತಕದ ವಾಕ್ಯವನ್ನೇ ಬರೆದಿರುತ್ತಿದ್ದರು.

ಮೀಮಿನ ಮಾತೂ ಇದೇ ಬಗೆಯದು. ಈ ಪದವನ್ನು 1976ರಲ್ಲಿ ರಿಚರ್ಡ್ ಡಾಕಿನ್ಸ್ ಎಂಬ ಜೀವಶಾಸ್ತ್ರಜ್ಞರು, ಒಂದು ಮನಸ್ಸಿನಿಂದ ಇನ್ನೊಂದಕ್ಕೆ ಅನುಕರಣೆಯಿಂದ ಹಬ್ಬುವ ವಿಚಾರವೆಂಬ ಅರ್ಥದಲ್ಲಿ ನಿರ್ಮಿಸಿದರೆಂದು ಹೇಳಿದಾಗ ಮಕ್ಕಳಿಗೆ ಬಲು ಸೋಜಿಗವಾಯಿತು. ಎರಡು ಚೌಕಗಳ ಮೀಮಿನಲ್ಲಿ ಸಸ್ಯದ ದ್ಯುತಿಸಂಶ್ಲೇಷಣೆಯನ್ನೂ ಉಸಿರಾಟವನ್ನೂ ತೋರಿಸಲು ಹೇಳಿದೆವು. ಅನೇಕರು ಎಡಗಡೆ ಸೂರ್ಯನನ್ನು ಬರೆದು ‘ಹಗಲಿನ ಡ್ಯೂಟಿ: ಆಹಾರ ತಯಾರಿ’ ಎಂದೂ, ಬಲಗಡೆ ಚಂದ್ರನನ್ನು ಬರೆದು ‘ರಾತ್ರಿಯ ಡ್ಯೂಟಿ: ಉಸಿರಾಟ’ ಎಂದೂ ಬರೆದರು. ಸಸ್ಯವು ಹಗಲಿರುಳೂ ಉಸಿರಾಡುತ್ತದೆ. ಬೆಳಕಿರುವಾಗ ಮಾತ್ರ ಅದರ ಜೊತೆಗೆ ಆಹಾರ ತಯಾರಿಯೂ ನಡೆಯುತ್ತದೆ. ಹೀಗೆ ತಿದ್ದಿದ ಮೇಲೆ ಒಬ್ಬನು ಎಡ ಚೌಕದಲ್ಲಿ ಸಸ್ಯದ ಎರಡು ಕೈಗಳಿಗೂ ಕೆಲಸ ಕೊಟ್ಟು, ಬಲ ಚೌಕದಲ್ಲಿ ಒಂದು ಕೈಗೆ ಮಾತ್ರ ವಿಶ್ರಾಂತಿ ಕೊಟ್ಟನು.

ಹ್ಯಾಷ್‌ಟ್ಯಾಗಿನಿಂದ ಹೆಸರಿಡುವುದನ್ನು ಕಲಿಸಬಹುದು. ಅಡಿಕೆ, ತೆಂಗು, ಕರಿಮೆಣಸು, ಇವನ್ನು ಬರೆದ ಮಗುವಿಗೆ ‘ತೋಟದ ಬೆಳೆ’ ಎಂಬ ಒಂದೇ ಹೆಸರು ಹೊಳೆದರೆ ಸಾಕು. ಇದಕ್ಕಿಂತ ಹೆಚ್ಚಿನ ಪ್ರಯೋಜನ ಅದರಿಂದ ನಮಗೆ ಕಂಡುಬಂದಿಲ್ಲ.

ಅಪಾಯಗಳಿಲ್ಲವೆಂದಲ್ಲ. ಹಾಸ್ಯವು ಪಾಠವನ್ನು ನುಂಗುವುದು ಮೊದಲನೆಯದು. ನಾಯಕನ ಮೀಸೆಯನ್ನು ಅಂದವಾಗಿ ಬರೆಯಲು ಅರ್ಧ ಗಂಟೆ ಕಳೆದವನಿಗೆ ವಿಷಯ ಬರೆಯಲು ಐದು ನಿಮಿಷವೂ ಉಳಿಯುವುದಿಲ್ಲ. ಆದುದರಿಂದ ಚಿತ್ರಕ್ಕೆ ಅಂಕವಿಲ್ಲವೆಂದು ಮೊದಲೇ ಹೇಳಿಬಿಡುವುದು ಉತ್ತಮ. ಎಲ್ಲ ಪಾಠಗಳೂ ಇದಕ್ಕೆ ತಕ್ಕವಲ್ಲ. 1919ರ ಜಲಿಯನ್‌ವಾಲಾ ಬಾಗನ್ನೋ 1945ರ ಹಿರೋಶಿಮಾವನ್ನೋ ಮೀಮು ಮಾಡಹೊರಡುವುದು ಮನುಷ್ಯತ್ವಕ್ಕೆ ಒಪ್ಪದು. ಅಲ್ಲಿ ಒಂದು ಸಾದಾ ವಾಕ್ಯವೇ ಇರಲಿ. ದೇಹದ ಊನವನ್ನೋ ಜಾತಿಯನ್ನೋ ಬಣ್ಣವನ್ನೋ ಹಾಸ್ಯಕ್ಕೆ ಎಳೆಯುವುದು ರೀಲುಗಳಲ್ಲಿ ಧಾರಾಳವಾಗಿದೆ. ನಮ್ಮ ತರಗತಿಯಲ್ಲಿ ಅದಕ್ಕೆ ಎಡೆಯಿಲ್ಲ. ಇನ್ನೊಂದು ತೊಡಕು, ಮೆಚ್ಚಿನ ಮಾತುಗಳು ಬಹು ಬೇಗ ಹಳಸುವುದು. ಜೂನಿನಲ್ಲಿ ಎಲ್ಲರ ಬಾಯಲ್ಲಿದ್ದ ಸಂಭಾಷಣೆ ಓಣಂ ರಜೆ ಮುಗಿಯುವಷ್ಟರಲ್ಲಿ ಯಾರಿಗೂ ಬೇಡವಾಗಿರುತ್ತದೆ. ಉಪಾಧ್ಯಾಯರು ಅದರ ಹಿಂದೆ ಓಡಬೇಕಾದುದಿಲ್ಲ. ಈ ವಾರದ ರೂಪವನ್ನು ಮಕ್ಕಳೇ ತರಲಿ. ವಿಷಯವನ್ನು ನಾವು ನೋಡಿಕೊಳ್ಳೋಣ. ನಲವತ್ತು ದಾಟಿದ ಮಾಸ್ತರರು ಹೊಸ ಹಾಡಿಗೆ ಹೆಜ್ಜೆ ಹಾಕಿ ತೋರಿಸಬೇಕೆಂದು ಯಾವ ಶಿಕ್ಷಣಶಾಸ್ತ್ರವೂ ವಿಧಿಸಿಲ್ಲ. ಮತ್ತು ಮನೆಯಲ್ಲಿ ಫೋನಿಲ್ಲದ, ಸಿನಿಮಾ ನೋಡದ ಮಗುವೂ ತರಗತಿಯಲ್ಲಿ ಇರುತ್ತದೆಂಬುದನ್ನು ಮರೆಯಬಾರದು. ಆ ಮಗುವಿಗೆ ತಾಳಮದ್ದಳೆಯ ಪೀಠಿಕೆಯೋ ಬಸ್ಸಿನ ನಿರ್ವಾಹಕನ ಕೂಗೋ ಸಾಕು. ಈ ಅಭ್ಯಾಸಗಳಲ್ಲಿ ಯಾವುದಕ್ಕೂ ಶಾಲೆಯಲ್ಲಿ ಫೋನಿನ ಅಗತ್ಯವಿಲ್ಲ. ಕಾಗದ, ಸೀಮೆಸುಣ್ಣ, ನಾಲಗೆ, ಇಷ್ಟೇ ಸಾಧನಗಳು.

ನಮ್ಮ ಕಡೆಯ ಶಾಲೆಗಳಿಗೆ ಪ್ರತ್ಯೇಕವಾದ ಮಾತೊಂದಿದೆ. 1956ರ ನವೆಂಬರ್ 1ರಿಂದ ಕಾಸರಗೋಡು ಕೇರಳದಲ್ಲಿದೆ. ನಮ್ಮ ಬೆಂಚುಗಳಲ್ಲಿ ಕುಳಿತ ಮಕ್ಕಳ ಮನೆಮಾತು ತುಳು, ಹವಿಗನ್ನಡ, ಕೊಂಕಣಿ, ಮಲಯಾಳ, ಬ್ಯಾರಿ, ಮರಾಟಿ. ಅವರು ನೋಡುವ ರೀಲುಗಳು ಬಹುತೇಕ ಮಲಯಾಳದವು. ಓದುವ ಪಾಠ ಮಾತ್ರ ಗ್ರಂಥಸ್ಥ ಕನ್ನಡದ್ದು. 2018ರಲ್ಲಿ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಎಂಬ ಚಲಚ್ಚಿತ್ರ ಬಂದಾಗ ನಮ್ಮ ಶಾಲೆಗಳ ಪಾಡನ್ನು ಹೊರಗಿನವರೂ ನೋಡಿದರು. ನಮ್ಮ ಮಕ್ಕಳು ತಮ್ಮ ಊರನ್ನು ತೆರೆಯ ಮೇಲೆ ಕಂಡು ಹಿಗ್ಗಿದರು. ಆದರೆ ಶಾಲೆಯ ಕಟ್ಟಡ ಉಳಿದು, ಅಲ್ಲಿ ಕಲಿತ ಕನ್ನಡವು ಪರೀಕ್ಷೆಯ ಕಾಗದದಿಂದ ಹೊರಗೆ ಬಾರದಿದ್ದರೆ ನಷ್ಟ ಇನ್ನೂ ದೊಡ್ಡದು. ‘ದ್ಯುತಿಸಂಶ್ಲೇಷಣೆ’ ಎಂಬುದನ್ನು ತಪ್ಪಿಲ್ಲದೆ ಉಚ್ಚರಿಸುವ ಮಗು ಮನೆಯಲ್ಲಿ ಅಮ್ಮನಿಗೆ ಅದೇನೆಂದು ಹೇಳಲಾರದಿದ್ದರೆ, ಕಲಿತುದು ಪದವೇ ಹೊರತು ವಿಷಯವಲ್ಲ. ಆದುದರಿಂದ ಸಾರವನ್ನು ಮೊದಲು ಮನೆಮಾತಿನಲ್ಲಿ ಬಾಯಿಮಾತಾಗಿ ಹೇಳಲು ನಾವು ಬಿಡುತ್ತೇವೆ. ಮಲಯಾಳ ಸಿನಿಮಾದ ಧಾಟಿ ಬಂದರೂ ಬರಲಿ. ಬರೆಯುವುದು ಕನ್ನಡದಲ್ಲಿ ಆಗಬೇಕು. ತುಳುವಿನಲ್ಲಿ ಹೇಳಿದುದನ್ನು ಕನ್ನಡಕ್ಕೆ ತರುವಾಗ ಪುಸ್ತಕದ ವಾಕ್ಯವನ್ನು ನಕಲು ಮಾಡಲು ಸಾಧ್ಯವೇ ಇಲ್ಲ; ಸ್ವಂತ ವಾಕ್ಯವನ್ನು ಕಟ್ಟಲೇಬೇಕು. ಹಲವು ಭಾಷೆಗಳ ನಡುವೆ ಇರುವುದು ನಮ್ಮ ಮಕ್ಕಳಿಗೆ ಹೊರೆಯೆಂದು ಹೇಳುವವರುಂಟು. ಈ ಒಂದು ಕೆಲಸದಲ್ಲಿಯಾದರೂ ಅದು ಅನುಕೂಲವೇ ಎಂದು ನಮ್ಮ ಅಭಿಪ್ರಾಯ.

ತಂದೆ ತಾಯಂದಿರಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ. ಸಂಜೆ ಮಗು ಬಂದಾಗ “ಎಷ್ಟು ಮಾರ್ಕು ಬಂತು?” ಎಂಬ ಪ್ರಶ್ನೆಯನ್ನು ವಾರಕ್ಕೆ ಎರಡು ದಿನವಾದರೂ ಬದಿಗಿಟ್ಟು, “ಇಂದಿನ ಪಾಠದ ಕಥೆ ಏನು?” ಎಂದು ನಿಮ್ಮ ಮನೆಮಾತಿನಲ್ಲಿಯೇ ಕೇಳಿರಿ. ನಿಮಗೆ ಕನ್ನಡ ಓದಲು ಬಾರದಿದ್ದರೂ ಚಿಂತೆಯಿಲ್ಲ, ತಿಳಿಯದ ಕಡೆ “ಅದು ಏಕೆ?” ಎಂದರಾಯಿತು. ಅಡಿಕೆ ಸುಲಿಯುತ್ತಲೋ ಬೀಡಿ ಕಟ್ಟುತ್ತಲೋ ಕೇಳಬಹುದು. ಮಾತು ಮುಗಿದ ಮೇಲೆ ಮಗುವು ಅದನ್ನೇ ಕನ್ನಡದಲ್ಲಿ ಮೂರು ಸಾಲು ಬರೆದು, ತಾರೀಖು ಹಾಕಿ, ಹಾಳೆಯನ್ನು ಮಡಿಸಿಡಲಿ. ಏಳನೆಯ ದಿನ ಪುಸ್ತಕ ತೆರೆಯದೆ ಮತ್ತೊಮ್ಮೆ ಬರೆದು ಎರಡು ಹಾಳೆಗಳನ್ನೂ ಶಾಲೆಗೆ ತರಲಿ. ಅವನ್ನು ಹೋಲಿಸಿ ನೋಡುವ ಕೆಲಸ ಉಪಾಧ್ಯಾಯರಾದ ನಮ್ಮದು.